ಕಥೆ ಆಮೇಲೆ, ಮೊದಲು ನೆರಳು

ಪ್ರೀತಿಯ ತಂಗೀ,

ಅಮೆರಿಕದ ಕಲಾವಿದ ಎಡ್ವರ್ಡ್ ಹಾಪರ್‌ನ ‘ನೈಟ್ ಶ್ಯಾಡೋಸ್’ ಚಿತ್ರದ ಬಗ್ಗೆ ನೀನು ಬರೆದ ಲೇಖನ ಓದಿದೆ. ಭಾಷೆ ಚೆನ್ನಾಗಿದೆ. ಆದರೆ ಎರಡನೇ ಸಾಲಿಗೇ ಚಿತ್ರದಲ್ಲಿರುವ ಮನುಷ್ಯ ಮನೆಯಲ್ಲಿ ಜಗಳ ಆಡಿ ಹೊರಟವನು ಅಂತ ಕಥೆ ಕಟ್ಟಿಬಿಟ್ಟಿದ್ದೀಯ. ಆಮೇಲೆ ಚಿತ್ರದ ಕಡೆ ತಿರುಗಿಯೇ ನೋಡಿಲ್ಲ, ಅಲ್ವಾ?

ಕಾಗದದ ಮೇಲೆ ಏನಿದೆಯೋ ಅದನ್ನು ಮೊದಲು ಬರೆ. ನಮ್ಮನ್ನು ಹಾಪರ್ ಮಹಡಿ ಕಿಟಕಿಯಷ್ಟು ಎತ್ತರದಲ್ಲಿ ನಿಲ್ಲಿಸಿದ್ದಾನೆ. ಕೆಳಗೆ ಖಾಲಿ ಬೀದಿ, ಮೂಲೆಯಲ್ಲೊಂದು ಅಂಗಡಿ, ಒಬ್ಬನೇ ನಡೆದು ಹೋಗುತ್ತಿರುವ ಮನುಷ್ಯ, ಅವನ ದಾರಿಗೆ ಅಡ್ಡಲಾಗಿ ಕಂಬದ ಉದ್ದನೆಯ ನೆರಳು. ಕಂಬ ಎಲ್ಲೋ ಚಿತ್ರದ ಹೊರಗೆ ಉಳಿದಿದೆ. ಇನ್ನು ನಾಲ್ಕು ಹೆಜ್ಜೆ ಹಾಕಿದರೆ ಅವನು ಆ ನೆರಳನ್ನು ದಾಟಬೇಕು. ನಿನಗೆ ಒಂಥರಾ ಆಗಿದ್ದು ಇದರಿಂದಲೇ, ಜಗಳದ ಕಥೆಯಿಂದಲ್ಲ.

ಇನ್ನು ಆ ಕಪ್ಪು. ಹತ್ತಿರದಿಂದ ನೋಡು, ಅಷ್ಟೂ ಕತ್ತಲು ಒಂದರ ಮೇಲೊಂದು ಅಡ್ಡಡ್ಡ ಬಿದ್ದ ಗೆರೆಗಳು. 1921ರ ಎಚಿಂಗ್ ಇದು, ಅಂದರೆ ಲೋಹದ ತಗಡಿನಲ್ಲಿ ಆಸಿಡ್‌ನಿಂದ ಗೆರೆ ಕೊರೆಸಿ ಕಾಗದಕ್ಕೆ ಒತ್ತಿದ ಅಚ್ಚು. ಸಾಗರದ ಗುಡಿಗಾರರ ಗಂಧದ ಕೆತ್ತನೆಯಲ್ಲಿ ಗೆರೆ ಎಷ್ಟು ಆಳ ಅನ್ನೋದನ್ನು ಉಳಿ ಹಿಡಿದ ಕೈಯೇ ತೀರ್ಮಾನಿಸುತ್ತದೆ. ಇಲ್ಲಿ ಹಾಗಲ್ಲ. ಲೋಹದ ತಗಡಿಗೆ ಮೇಣದಂಥ ಲೇಪ ಬಳಿದಿರುತ್ತಾರೆ, ಸೂಜಿ ಆ ಲೇಪವನ್ನು ಮಾತ್ರ ಗೀರುತ್ತದೆ, ಆಮೇಲೆ ತಗಡನ್ನು ಆಸಿಡ್‌ನಲ್ಲಿ ಇಟ್ಟರೆ ಗೀರಿದ ಜಾಗವನ್ನಷ್ಟೇ ಅದು ನಿಧಾನಕ್ಕೆ ತಿನ್ನುತ್ತಾ ಹೋಗುತ್ತದೆ. ತೆಳು ಗೆರೆಗಳನ್ನು ಬೇಗ ವಾರ್ನಿಷ್ ಬಳಿದು ಮುಚ್ಚಿ, ಕಪ್ಪಾಗಬೇಕಾದ್ದನ್ನು ಇನ್ನೂ ಸ್ವಲ್ಪ ಹೊತ್ತು ಬಿಡುತ್ತಾರೆ. ಆಳವಾದ ಗೆರೆ ಜಾಸ್ತಿ ಮಸಿ ಹಿಡಿಯುತ್ತದೆ. ಕೊನೆಗೆ ಒದ್ದೆ ಕಾಗದ ಹಾಕಿ ಪ್ರೆಸ್ಸಿನಲ್ಲಿ ಒತ್ತಿದಾಗ ಎಡದ್ದು ಬಲಕ್ಕೆ ಬರುತ್ತದೆ. ಬೆಳಕಿಗೆ ಬೇರೆ ಬಣ್ಣ ಇಲ್ಲ, ಮುಟ್ಟದೆ ಬಿಟ್ಟ ಕಾಗದವೇ ಬೆಳಕು. ಅದಕ್ಕೇ ಹಾಪರ್ ಸಿಗುವಷ್ಟು ಬಿಳಿಯ ಕಾಗದ, ಸಿಗುವಷ್ಟು ಕಪ್ಪನೆಯ ಮಸಿ ಬೇಕು ಅಂತ ಹುಡುಕುತ್ತಿದ್ದ. ಇಷ್ಟು ಗೊತ್ತಿದ್ದರೆ ‘ನಿಗೂಢ ಕತ್ತಲು’ ಅಂತ ಸುಮ್ನೆ ಬರೆಯೋಕೆ ನಿನಗೇ ಮನಸ್ಸು ಬರಲ್ಲ.

ಒಂದು ಕೆಲಸ ಮಾಡು. ಶಿವಮೊಗ್ಗದ ದುರ್ಗಿಗುಡಿಯಲ್ಲಿ ಅಂಗಡಿಗಳು ಶಟರ್ ಎಳೆದ ಮೇಲೆ, ಗೊತ್ತಿರುವವರ ಮನೆಯ ಮಹಡಿಯಿಂದ ಕೆಳಗೆ ನೋಡು. ಮಳೆ ನಿಂತಿದ್ದರೆ ಇನ್ನೂ ಒಳ್ಳೇದು, ಒದ್ದೆ ರಸ್ತೆಯಲ್ಲಿ ದೀಪ ಬೇರೆಯೇ ಥರ ಬೀಳುತ್ತದೆ. ಯಾರಾದರೂ ಹೋಗುತ್ತಿದ್ದರೆ ಅವರ ಮನಸ್ಸಿನೊಳಗೆ ಇಳಿಯಬೇಡ. ನೆರಳು ಎಲ್ಲಿಂದ ಶುರುವಾಯ್ತು, ಎಲ್ಲಿ ಗೋಡೆ ಹತ್ತಿತು, ಅಷ್ಟೇ ಬರೆ.

ಆಮೇಲೆ ನಿನ್ನ ಲೇಖನಕ್ಕೆ ವಾಪಸ್ ಬಾ. ಮೊದಲ ಪ್ಯಾರಾ ಪೂರ್ತಿ ತೆಗೆ. ಮೂರನೆಯದರಲ್ಲಿ ಅಂಗಡಿ ಕಿಟಕಿ ಬಗ್ಗೆ ಒಂದು ಸಾಲಿದೆ, ತುಂಬಾ ಚೆನ್ನಾಗಿದೆ, ಅಲ್ಲಿಂದಲೇ ಶುರು ಮಾಡಿ ಮತ್ತೆ ಕಳಿಸು.