ಇಂಟರ್ನ್‌ಶಿಪ್‌ಗೆ ಬೆಂಗಳೂರಿಗೇ ಹೋಗಬೇಕಾ?

ಮಾನ್ಯ ಸಂಪಾದಕರೇ,

ನಮ್ಮ ಕೊಡಗು ಜಿಲ್ಲೆಯ ಕಾಲೇಜುಗಳಲ್ಲಿ ಕೊನೇ ವರ್ಷದ ಬಿ.ಕಾಂ., ಬಿಬಿಎ ಓದುವವರೆಲ್ಲ ಈಗ ಇಂಟರ್ನ್‌ಶಿಪ್ ಹುಡುಕಾಟದಲ್ಲಿದ್ದಾರೆ. ಅದಕ್ಕೂ ಮಾರ್ಕ್ಸ್ ಇದೆ, ಬಿಡುವ ಹಾಗಿಲ್ಲ. ಹೋದ ವರ್ಷ ನಾನೂ ಇದೇ ಪಾಡಿನಲ್ಲಿದ್ದೆ. ಕಂಡ ಕಂಡ ಕಡೆ ಅರ್ಜಿ ಹಾಕಿ ಕೊನೆಗೆ ಸಿಕ್ಕಿದ್ದು ಬೆಂಗಳೂರಿನ ಹೊರವರ್ತುಲ ರಸ್ತೆಯ ಒಂದು ದೊಡ್ಡ ಕಂಪನಿಯಲ್ಲಿ. ಸಂಬಳ ಇಲ್ಲ, ಸ್ಟೈಪೆಂಡ್ ಇಲ್ಲ, ಕೊನೆಗೆ ಸರ್ಟಿಫಿಕೇಟ್ ಅಷ್ಟೇ.

ಕಂಪನಿಯನ್ನು ಸುಮ್ನೆ ಬೈಯುವುದಕ್ಕೆ ಈ ಪತ್ರ ಬರೆಯುತ್ತಿಲ್ಲ. ಕಲಿತದ್ದೂ ಇದೆ. ಕಂಪನಿಗೆ ಸಾಮಾನು ಕೊಡುವವರ ಬಿಲ್ ನೋಡುವ ವಿಭಾಗಕ್ಕೆ ನನ್ನನ್ನು ಹಾಕಿದ್ದರು. ಬಂದ ಇನ್‌ವಾಯ್ಸನ್ನು ಪರ್ಚೇಸ್ ಆರ್ಡರ್ ಜೊತೆ, ಸಾಮಾನು ಬಂದು ತಲುಪಿದ ರಸೀದಿ ಜೊತೆ ತಾಳೆ ನೋಡಬೇಕು, ಮೂರೂ ಸರಿ ಇದ್ದರೆ ಮುಂದಕ್ಕೆ, ಇಲ್ಲದಿದ್ದರೆ ವಾಪಸ್. ಜಿಎಸ್‌ಟಿ ನಂಬರಿನಲ್ಲಿ ಮೊದಲ ಎರಡಂಕಿ ರಾಜ್ಯದ ಕೋಡ್, 29 ಇದ್ದರೆ ಕರ್ನಾಟಕ, 32 ಇದ್ದರೆ ಕೇರಳ; ರಾಜ್ಯದೊಳಗಿನ ವ್ಯವಹಾರವಾದರೆ ತೆರಿಗೆ ಕೇಂದ್ರದ ಸಿಜಿಎಸ್‌ಟಿ, ರಾಜ್ಯದ ಎಸ್‌ಜಿಎಸ್‌ಟಿ ಅಂತ ಎರಡು ಪಾಲಾಗುತ್ತದೆ, ಹೊರ ರಾಜ್ಯದಿಂದ ಬಂದದ್ದಕ್ಕೆ ಐಜಿಎಸ್‌ಟಿ ಒಂದೇ. ಇದನ್ನೆಲ್ಲ ನಾನು ಪರೀಕ್ಷೆಯಲ್ಲಿ ಬರೆದು ಮಾರ್ಕ್ಸೂ ತಗೊಂಡಿದ್ದೆ. ಆದರೆ ಕೇರಳದಿಂದ ಬಂದ ಸಾಮಾನಿಗೆ ಯಾರೋ ಎಸ್‌ಜಿಎಸ್‌ಟಿ ಹಾಕಿ ಕಳಿಸಿದ್ದನ್ನು ನಾನೇ ಹಿಡಿದ ದಿನ ಅದು ನಿಜವಾಗಿ ತಲೆಗೆ ಹೋಯಿತು. ಎಕ್ಸೆಲ್ ಚೆನ್ನಾಗಿ ಬಂತು. ನಾಲ್ಕು ಸಾಲಿನಲ್ಲಿ ವಿಷಯ ಮುಗಿಸುವ ಮೇಲ್ ಬರೆಯುವುದು ಬಂತು. ಟೀಮ್ ಲೀಡ್ ಮೇಡಂ ಒಳ್ಳೆಯವರು, ಕೇಳಿದ್ದಕ್ಕೆಲ್ಲ ಹೇಳಿಕೊಟ್ಟರು.

ಆದರೆ ಈ ಕಲಿಕೆ ಮೊದಮೊದಲು ಮಾತ್ರ. ಕೈಗೆ ಕೆಲಸ ಹತ್ತಿತು ಅಂತ ಗೊತ್ತಾದ ಮೇಲೆ ಹೊಸದೇನೂ ಕೊಡಲಿಲ್ಲ. ಬೆಳಗ್ಗೆಯಿಂದ ಸಂಜೆವರೆಗೆ ಪಿಡಿಎಫ್‌ಗಳಿಗೆ ಹೆಸರು ಹಾಕಿ ಫೋಲ್ಡರಿಗೆ ತುಂಬುವುದೇ ಆಯಿತು. ಸಂಬಳದ ಒಬ್ಬರು ಮಾಡಬೇಕಾದ ಕೆಲಸವನ್ನು ಇಂಟರ್ನ್‌ಗಳ ಕೈಯಲ್ಲಿ ಬಿಟ್ಟಿ ಮಾಡಿಸುವುದು ಅಂದರೆ ಇದೇ ಅಲ್ವಾ? ತಮಾಷೆ ಅಂದರೆ, ಸಣ್ಣ ಉದ್ದಿಮೆಯವರ ಬಿಲ್‌ಗಳನ್ನು ಬೇರೆ ಮಾಡಿ ಇಡುವ ಕೆಲಸವೂ ನನ್ನದೇ ಆಗಿತ್ತು. 2006ರ ಕಾಯ್ದೆ ಪ್ರಕಾರ ಅವರ ದುಡ್ಡನ್ನು ಜಾಸ್ತಿ ಅಂದರೆ 45 ದಿನದೊಳಗೆ ಕೊಡಬೇಕು, ತಡವಾದರೆ ಬಡ್ಡಿ. ಅದಕ್ಕೆ ಕೆಂಪು ಬಣ್ಣ ಹಾಕಿ ದಿನಾ ನೆನಪಿಸುತ್ತಿದ್ದವಳಿಗೆ ಮಾತ್ರ ಒಂದು ರೂಪಾಯಿ ಇಲ್ಲ!

ಖರ್ಚು ಯಾರದು? ಅಪ್ಪನದು. ಪಿಜಿ ಬಾಡಿಗೆ, ಅಡ್ವಾನ್ಸ್, ಊಟ, ಆಟೊ. ನಮ್ಮ ಜಿಲ್ಲೆಗೆ ರೈಲೇ ಇಲ್ಲ, ಬಸ್ಸೇ ಗತಿ. ಶಕ್ತಿ ಯೋಜನೆ ಇದ್ದದ್ದರಿಂದ ಊರಿಗೆ ಬಂದು ಹೋಗುವ ಚಾರ್ಜ್ ನನಗೆ ಉಳಿಯಿತು, ಹುಡುಗರಿಗೆ ಅದೂ ಇಲ್ಲ. ಅದೂ ಯಾವ ಸಮಯದಲ್ಲಿ? ರೊಬಸ್ಟಾ ಕಾಫಿ ಕುಯ್ಲಿನ ಸಮಯದಲ್ಲಿ. ನಮ್ಮದು ಸಣ್ಣ ತೋಟ, ಕುಯ್ಲಿಗೆ ಆಳು ಸಿಗದೆ ಮನೆಯವರೇ ಇಳಿಯುವ ಕಾಲ. ಅಂಥ ಹೊತ್ತಿನಲ್ಲಿ ಮನೆಯ ಎರಡು ಕೈ ಬೆಂಗಳೂರಿಗೆ ಹೋಗಿ ಪಿಡಿಎಫ್‌ಗೆ ಹೆಸರು ಹಾಕುತ್ತಿತ್ತು.

ನನಗಾದರೂ ಅಪ್ಪ ಹೇಗೋ ಹೊಂದಿಸಿದರು. ಎಸ್ಟೇಟಿನ ಕಾರ್ಮಿಕರ ಲೈನ್‌ಮನೆಯಿಂದ ಕಾಲೇಜಿಗೆ ಬರುತ್ತಿದ್ದ ನನ್ನ ಗೆಳತಿಗೆ ಅದು ಆಗುವ ಮಾತಾ? ಒಂದಷ್ಟು ದುಡ್ಡು ಕಟ್ಟಿದರೆ ಇಂಟರ್ನ್‌ಶಿಪ್ ಮಾಡಿದ ಹಾಗೆ ಸರ್ಟಿಫಿಕೇಟನ್ನು ವಾಟ್ಸ್‌ಆ್ಯಪ್‌ಗೇ ಕಳಿಸುವವರು ಇದ್ದಾರೆ. ಅವಳು ಅದನ್ನೇ ತಗೊಂಡಳು. ಅವಳನ್ನು ದೂರಲು ನನಗೆ ಮನಸ್ಸಿಲ್ಲ. ಇದೆಲ್ಲ ಕಾಲೇಜಿನವರಿಗೆ ಗೊತ್ತಿಲ್ಲ ಅಂದರೆ ನಾನು ನಂಬುವುದಿಲ್ಲ. ಮಾರ್ಕ್ಸ್ ಹಾಕುವಾಗ ಯಾರೂ ಕೇಳಲಿಲ್ಲ ಅಷ್ಟೇ.

ಪ್ರಧಾನಮಂತ್ರಿ ಇಂಟರ್ನ್‌ಶಿಪ್ ಯೋಜನೆ ಇದೆಯಲ್ಲ ಅಂತ ಕೆಲವರು ಹೇಳುತ್ತಾರೆ. 2024ರಲ್ಲಿ ಶುರುವಾದಾಗ ಅದರಲ್ಲಿ ತಿಂಗಳಿಗೆ 5,000 ರೂಪಾಯಿ ಅಂತ ಇತ್ತು, ಒಳ್ಳೆಯದೇ. ಆದರೆ ಆಗ ಅದನ್ನು ಮಾಡಿದ್ದು ರೆಗ್ಯುಲರ್ ಕಾಲೇಜಿಗೆ ಹೋಗುವವರಿಗಲ್ಲ, ಓದು ಮುಗಿಸಿದವರಿಗೆ. ನಮ್ಮ ಕಷ್ಟ ಡಿಗ್ರಿ ಕೈಗೆ ಬರುವ ಮೊದಲಿನದು.

ನನ್ನ ಪ್ರಶ್ನೆ ಇಷ್ಟೇ. ಬಿಲ್ ತಾಳೆ ನೋಡಲು ಕಲಿಯುವುದಕ್ಕೆ ಹೊರವರ್ತುಲ ರಸ್ತೆಯೇ ಬೇಕಾ? ಕುಶಾಲನಗರದ ಕೂಡ್ಲೂರಿನಲ್ಲಿ ಕಾಫಿ ಕ್ಯೂರಿಂಗ್ ವರ್ಕ್ಸ್, ಅಂದರೆ ಒಣ ಕಾಫಿಯ ಸಿಪ್ಪೆ ತೆಗೆದು ಬೀಜ ವಿಂಗಡಿಸುವ ಕಾರ್ಖಾನೆಗಳು ಇವೆ. ಪಾಲಿಬೆಟ್ಟದಲ್ಲಿ ದೊಡ್ಡ ಕಾಫಿ ಕಂಪನಿಯ ಕಚೇರಿಯೇ ಇದೆ. ಊರೂರಿನಲ್ಲಿ ಸಹಕಾರ ಸಂಘ ಇದೆ, ಮಡಿಕೇರಿ, ವಿರಾಜಪೇಟೆ, ಗೋಣಿಕೊಪ್ಪದಲ್ಲಿ ಆಡಿಟರ್ ಆಫೀಸುಗಳಿವೆ, ರೆಸಾರ್ಟ್‌ಗಳಂತೂ ಕೇಳುವುದೇ ಬೇಡ. 50 ಕೆಜಿ ಚೆರ್ರಿ (ಒಣಗಿಸಿದ ಕಾಫಿ ಹಣ್ಣು) ಮೂಟೆಗೆ ಔಟ್‌ಟರ್ನ್, ಅಂದರೆ ಸಿಪ್ಪೆ ಕಳೆದು ಸಿಗುವ ಬೀಜ ಎಷ್ಟು, ಅದರ ಮೇಲೆ ರೇಟ್ ಹೇಗೆ ಕಟ್ಟುತ್ತಾರೆ, ತೇವಾಂಶ ಅಂತ ಎಷ್ಟು ಕಳೆಯುತ್ತಾರೆ, ಇಲ್ಲಿಂದ ಹೋದ ಕಾಫಿ ಇಟಲಿಯಲ್ಲಿ ಇಳಿಯುವವರೆಗೆ ಯಾವ್ಯಾವ ಕಾಗದ ಬೇಕು, ಇದನ್ನು ಕಲಿತ ಬಿ.ಕಾಂ. ಹುಡುಗಿ ನಾಳೆ ತನ್ನ ಮನೆಯ ಕಾಫಿಯನ್ನೇ ವ್ಯಾಪಾರಿ ಹೇಳಿದ ಲೆಕ್ಕಕ್ಕೆ ಸುಮ್ನೆ ತಲೆಯಾಡಿಸದೆ ಮಾರಬಲ್ಲಳು.

ಇನ್ನೊಂದು ಕೆಲಸ ಕಣ್ಣೆದುರೇ ಇದೆ. ಕಾಡು ಕಡಿದ ಜಾಗದಲ್ಲಿ ಬೆಳೆದ ಕಾಫಿ ಬೇಡ ಅಂತ ಯುರೋಪಿನವರು 2023ರಲ್ಲಿ ನಿಯಮ ಮಾಡಿದ್ದಾರೆ. ಅದರ ಜಾರಿ ಮುಂದಕ್ಕೆ ಹೋಗಿರಬಹುದು, ಆದರೆ ತೋಟ ಎಲ್ಲಿದೆ ಅಂತ ಮೊಬೈಲ್‌ನಲ್ಲಿ ಗುರುತು ಹಾಕಿ ಕಾಫಿ ಮಂಡಳಿಯ ಆ್ಯಪ್‌ನಲ್ಲಿ ದಾಖಲಿಸುವ ಕೆಲಸ ತಪ್ಪುವುದಿಲ್ಲ. ವಯಸ್ಸಾದ ಬೆಳೆಗಾರರು ಆರ್‌ಟಿಸಿ ಹಿಡಿದು ಇದಕ್ಕಾಗಿ ಒದ್ದಾಡುತ್ತಿದ್ದಾರೆ. ಕಾಲೇಜು, ಕಾಫಿ ಮಂಡಳಿ, ಸಹಕಾರ ಸಂಘ ಮೂರೂ ಸೇರಿ ಇದನ್ನೇ ಒಂದು ಇಂಟರ್ನ್‌ಶಿಪ್ ಮಾಡಿ, ಮಕ್ಕಳಿಗೆ ಬಸ್ ಚಾರ್ಜು, ಮಧ್ಯಾಹ್ನದ ಊಟದಷ್ಟಾದರೂ ದುಡ್ಡು ಕೊಟ್ಟರೆ ಯಾರಿಗೆ ನಷ್ಟ?

ಬೆಂಗಳೂರಿಗೆ ಹೋಗಲೇಬಾರದು ಅಂತ ನಾನು ಹೇಳುತ್ತಿಲ್ಲ. ಆಸೆ ಇದ್ದವರು, ಅನುಕೂಲ ಇದ್ದವರು ಹೋಗಲಿ. ಆದರೆ ದುಡ್ಡು ಕೊಡದ ಕಂಪನಿಗೆ ಮಕ್ಕಳನ್ನು ಕಳಿಸುವುದಿಲ್ಲ ಅಂತ ಕಾಲೇಜುಗಳು ಒಟ್ಟಾಗಿ ಒಂದು ಮಾತು ಹೇಳಬೇಕು. ಒಬ್ಬಳೇ ವಿದ್ಯಾರ್ಥಿನಿ ಕೇಳಿದರೆ 'ನೀನು ಬೇಡ, ಇನ್ನೊಬ್ಬರು ಬರುತ್ತಾರೆ' ಅನ್ನುತ್ತಾರೆ.

ಈ ಪತ್ರ ಓದುವ ಕ್ಯೂರಿಂಗ್ ವರ್ಕ್ಸ್‌ನವರು, ಸಂಘದವರು, ಆಡಿಟರ್‌ಗಳು ಯಾರಾದರೂ ಒಬ್ಬಿಬ್ಬರನ್ನು ತೆಗೆದುಕೊಳ್ಳುವುದಾದರೆ ಹತ್ತಿರದ ಕಾಲೇಜಿನ ಪ್ರಿನ್ಸಿಪಾಲರಿಗೆ ಈ ವಾರವೇ ಒಂದು ಫೋನ್ ಮಾಡಿ. ಪಟ್ಟಿ ತಯಾರಾಗುತ್ತಿರುವುದು ಈಗಲೇ.

– ಬಿ.ಕಾಂ. ಹಳೇ ವಿದ್ಯಾರ್ಥಿನಿ, ಸಿದ್ದಾಪುರ, ಕೊಡಗು