ಕೈಯೆತ್ತಿದ ಸೈನಿಕನ ಮುಖ ಮಸುಕಾಗಲಿ

ಮಾನ್ಯ ಸಂಪಾದಕರೇ,

ಗಡಿಯಲ್ಲಿ ಗುಂಡಿನ ಸದ್ದು ಕೇಳಿದಾಗಲೆಲ್ಲ ನಮ್ಮಲ್ಲಿ ಒಂದು ಮಾತು ಏಳುತ್ತದೆ: 'ಸೆರೆ ಹಿಡಿದು ಅನ್ನ ಹಾಕುವುದೇಕೆ, ಅಲ್ಲೇ ಮುಗಿಸಬಾರದೇ?' ಸೇನೆಯ ಮೇಲಿನ ಅಭಿಮಾನದಿಂದಲೇ ಹೀಗೆನ್ನುತ್ತಾರೆ. ಆದರೆ ಅವರು ಕೇಳುತ್ತಿರುವುದು ನಮ್ಮದೇ ಜವಾನನನ್ನು ನೇಣಿಗೇರಿಸಬಲ್ಲ ಅಪರಾಧ. ಯುದ್ಧಕೈದಿಗಳನ್ನೂ ಗಾಯಾಳುಗಳನ್ನೂ ಕಾಪಾಡುವ ಅಂತರರಾಷ್ಟ್ರೀಯ ಜಿನೀವಾ ಒಪ್ಪಂದಗಳ ರಕ್ಷಣೆಯಲ್ಲಿರುವವನನ್ನು ಬೇಕೆಂದೇ ಕೊಂದರೆ 1960ರ ನಮ್ಮ ಕಾಯ್ದೆಯಲ್ಲಿ ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆ. ಚಿತ್ರಹಿಂಸೆಯಂಥ ಇತರ ಗಂಭೀರ ಉಲ್ಲಂಘನೆಗಳಿಗೆ 14 ವರ್ಷದವರೆಗೆ ಸೆರೆ. ಸರ್ಕಾರ ಅಥವಾ ಅದು ಗೊತ್ತುಪಡಿಸಿದ ಅಧಿಕಾರಿ ದೂರು ಕೊಡದೆ ನ್ಯಾಯಾಲಯ ಪ್ರಕರಣವನ್ನು ಕೈಗೆತ್ತಿಕೊಳ್ಳುವಂತಿಲ್ಲ ಎಂಬುದು ಈ ಕಾಯ್ದೆಯ ದೊಡ್ಡ ಕೊರತೆ. ಅದನ್ನು ತಿದ್ದಬೇಕು.

ಯಾರು ಶರಣಾದವನು ಎಂಬಲ್ಲೇ ಗೊಂದಲವಿದೆ. ಬೆನ್ನು ತೋರಿಸಿ ಓಡುವವನು ಶರಣಾಗಿಲ್ಲ. ನಾಳೆ ಅವನು ಮತ್ತೆ ಹೋರಾಡಬಲ್ಲ, ಅವನ ಮೇಲೆ ಗುಂಡು ಹಾರಿಸಲು ಕಾನೂನು ಅಡ್ಡಿ ಮಾಡುವುದಿಲ್ಲ. ಆಯುಧ ಬಿಟ್ಟು, ಖಾಲಿ ಕೈ ಕಾಣುವಂತೆ ನಿಂತವನನ್ನು ಮುಟ್ಟುವಂತಿಲ್ಲ. ಗಾಯಗೊಂಡು ಪ್ರಜ್ಞೆ ತಪ್ಪಿ ಬಿದ್ದವನು ಕೈ ಎತ್ತಬೇಕಾಗಿಯೂ ಇಲ್ಲ. 'ಯಾರನ್ನೂ ಉಳಿಸಬೇಡಿ' ಎಂದು ಸಾರುವುದನ್ನೇ ಯುದ್ಧದ ನಡವಳಿಕೆ ಕುರಿತ 1907ರ ಹೇಗ್ ನಿಯಮಾವಳಿಯ 23ನೇ ವಿಧಿ ನಿಷೇಧಿಸಿದೆ. ಜಿನೀವಾ ಒಪ್ಪಂದಗಳಿಗೆ ಪೂರಕವಾದ 1977ರ ಹೆಚ್ಚುವರಿ ಒಪ್ಪಂದಕ್ಕೆ ಭಾರತ ಸೇರಿಲ್ಲ, ಹಾಗಾಗಿ ಇದು ನಮಗೆ ಅನ್ವಯಿಸದು ಎಂದು ವಾದಿಸುವವರು ಈ ಹಳೆಯ ನಿಯಮವನ್ನು ಮರೆತಿರುತ್ತಾರೆ.

ಬಿಳಿ ಬಾವುಟಕ್ಕೆ ಕಟ್ಟುನಿಟ್ಟಿನ ಅರ್ಥ 'ಮಾತಾಡಬೇಕಿದೆ' ಎಂದಷ್ಟೇ. ಒಂದು ಕಂದಕದವರು ಅದನ್ನು ಎತ್ತಿದ್ದು ಪಕ್ಕದ ಕಂದಕದವರಿಗೆ ಕಾಣದೇ ಹೋಗಬಹುದು. ಬ್ರಿಟನ್ ಮತ್ತು ಅರ್ಜೆಂಟೀನಾ ನಡುವಿನ 1982ರ ಫಾಕ್‌ಲ್ಯಾಂಡ್ಸ್ ಯುದ್ಧದಲ್ಲಿ, ಗೂಸ್ ಗ್ರೀನ್ ಬಳಿ, ಬಿಳಿ ಬಟ್ಟೆ ನೋಡಿ ಮುಂದೆ ಹೋದ ಬ್ರಿಟಿಷ್ ಅಧಿಕಾರಿಯೊಬ್ಬರು ಗುಂಡಿಗೆ ಬಲಿಯಾದರು. ಅದು ಮೋಸವಲ್ಲ, ಗೊಂದಲ ಎಂದು ಆಮೇಲೆ ಅನೇಕರು ಒಪ್ಪಿದರು. ಇದಕ್ಕಾಗಿಯೇ ಅನುಭವಿ ತುಕಡಿಗಳು ಶರಣಾಗುವವರ ಕಡೆಗೆ ತಾವು ಹೋಗುವುದಿಲ್ಲ. ಮರೆಯಲ್ಲೇ ಇದ್ದು, ಆಯುಧ ಅಲ್ಲೇ ಬಿಡಿಸಿ, ಒಬ್ಬೊಬ್ಬರನ್ನಾಗಿ ತಮ್ಮತ್ತ ಕರೆಯುತ್ತಾರೆ. ಕೈಯೆತ್ತಿದಂತೆ ನಟಿಸಿ ಗುಂಡು ಹೊಡೆಯುವುದು ಯುದ್ಧಾಪರಾಧ; ಅದರ ಬೆಲೆ ತೆರುವವನು ನಾಳೆ ನಿಜವಾಗಿ ಕೈಯೆತ್ತುವ ಇನ್ಯಾರೋ.

ಮುಂದಿನ ಕೆಲಸ ಮೈ ತಪಾಸಣೆ. ಅಧಿಕಾರಿಗಳನ್ನೂ ಜವಾನರನ್ನೂ ಬೇರೆ ಮಾಡುವುದು, ಪರಸ್ಪರ ಮಾತಾಡಲು ಬಿಡದಿರುವುದು, ಯಾವಾಗ, ಎಲ್ಲಿ, ಯಾರು ಹಿಡಿದರು ಎಂದು ಬರೆದ ಚೀಟಿ ಕಟ್ಟುವುದು, ಬೇಗ ಹಿಂದಿನ ನೆಲೆಗೆ ಸಾಗಿಸುವುದು. ಆಯುಧ, ನಕ್ಷೆ, ಸೇನಾ ಕಾಗದಪತ್ರ ತೆಗೆದುಕೊಳ್ಳಬಹುದು. ಹೆಲ್ಮೆಟ್ ಮತ್ತು ಅನಿಲ ಮುಖವಾಡ ಅವನ ಬಳಿಯೇ ಇರಬೇಕು, ಏಕೆಂದರೆ ಸಾಗಿಸುವ ದಾರಿಯಲ್ಲಿ ಅವನದೇ ಕಡೆಯ ಶೆಲ್ ಬೀಳಬಹುದು. ಪದವಿಯ ಪಟ್ಟಿ, ಪದಕ, ಮನೆಯವರ ಫೋಟೋ ಕಸಿಯುವಂತಿಲ್ಲ. ಹಣ ತೆಗೆದುಕೊಳ್ಳಲು ಅಧಿಕಾರಿಯ ಆದೇಶ ಬೇಕು, ರಸೀದಿ ಕೊಡಬೇಕು. ಎಡವುವುದು ಹೆಚ್ಚಾಗಿ ಇಲ್ಲೇ. ಕೈಗಡಿಯಾರ ಬಿಚ್ಚಿಕೊಳ್ಳುವುದನ್ನು ನೋಡಿ ಸುಮ್ಮನಿದ್ದ ನಾಯಕ, ಮುಂದೆ ಕೈದಿಗೆ ಬೀಳುವ ಹೊಡೆತವನ್ನು ತಡೆಯಲಾರ.

ಕೈದಿಯನ್ನು ಏನು ಬೇಕಾದರೂ ಕೇಳಬಹುದು, ಆದರೆ ಅವನು ಹೇಳಲೇಬೇಕಾದ್ದು ನಾಲ್ಕೇ: ಹೆಸರು, ಪದವಿ, ಹುಟ್ಟಿದ ದಿನ, ಸೇನಾ ಸಂಖ್ಯೆ. ಶಿಬಿರ ಸೇರಿದ ಒಂದು ವಾರದೊಳಗೆ ಅವನು ಮನೆಗೂ ಯುದ್ಧಕೈದಿಗಳ ಕೇಂದ್ರ ಸಂಸ್ಥೆಗೂ ತಾನಿರುವ ಸುದ್ದಿ ತಿಳಿಸುವ ಕಾರ್ಡ್ ಬರೆಯಲು ಅವಕಾಶವಿರಬೇಕು. ಹೆಸರು ದಾಖಲಾಗುವವರೆಗೆ ಅವನ ಜೀವಕ್ಕೆ ಅಪಾಯ ತಪ್ಪಿದ್ದಲ್ಲ. ಕಾಣೆಯಾದರೆ ಲೆಕ್ಕ ಕೇಳುವವರಿಲ್ಲ. ನಾಲ್ಕೈದು ಜನರ ಗಸ್ತು ತಂಡ ಹತ್ತು ಜನರನ್ನು ಹಿಡಿದು, ಕರೆದೊಯ್ಯಲು ಆಗದಿದ್ದರೆ? ಆಯುಧ ಕಿತ್ತುಕೊಂಡು ಬಿಟ್ಟುಬಿಡಬೇಕು. ಬೇರೆ ದಾರಿಯಿಲ್ಲ.

1971ರ ಡಿಸೆಂಬರ್ 16ರಂದು ಢಾಕಾದಲ್ಲಿ ಪಾಕಿಸ್ತಾನಿ ಸೇನಾಪತಿ ನಿಯಾಜಿ ಸಹಿ ಹಾಕಿದ ಶರಣಾಗತಿ ಪತ್ರದಲ್ಲಿ ಒಂದು ಸಾಲಿದೆ: ಪಾಕಿಸ್ತಾನಿ ಪಡೆಗಳು ತಾವಿರುವಲ್ಲೇ, ಭಾರತದ ಜನರಲ್ ಅರೋರಾ ಅಧೀನದ 'ಹತ್ತಿರದ ನಿಯತ ಪಡೆಗಳಿಗೆ' ಶರಣಾಗಬೇಕು. ಆ 'ನಿಯತ' ಎಂಬ ಪದಕ್ಕೆ ತೂಕವಿದೆ. ತಿಂಗಳುಗಟ್ಟಲೆ ನಡೆದ ಹತ್ಯೆಗಳಿಂದ ಕುದಿಯುತ್ತಿದ್ದ ಜನರ ಕೈಗೆ ಕೈದಿಗಳು ಸಿಕ್ಕಿದ್ದರೆ ಏನಾಗುತ್ತಿತ್ತೆಂದು ಊಹಿಸುವುದು ಕಷ್ಟವಲ್ಲ. ಜಿನೀವಾ ಒಪ್ಪಂದದಂತೆ ಸೈನಿಕರಿಗೆ ಸಲ್ಲುವ ಗೌರವವನ್ನು ಕೊಡುತ್ತೇವೆಂದು ಅದೇ ಪತ್ರದಲ್ಲಿ ಮಾತು ಕೊಟ್ಟಿದ್ದೆವು. ನಾಗರಿಕರೂ ಸೇರಿ ಸುಮಾರು 93,000 ಜನ ನಮ್ಮ ವಶಕ್ಕೆ ಬಂದರು. ಆದರೆ ಅವರನ್ನು ಮನೆಗೆ ಕಳಿಸಿ ಮುಗಿಸಿದ್ದು 1974ರಲ್ಲಿ. ಕದನ ನಿಂತ ಮೇಲೆ ತಡಮಾಡದೆ ಬಿಡಬೇಕೆನ್ನುತ್ತದೆ ಯುದ್ಧಕೈದಿಗಳ ಕುರಿತ ಜಿನೀವಾ ಒಪ್ಪಂದದ 118ನೇ ವಿಧಿ. ಬಾಂಗ್ಲಾದೇಶದ ಒಪ್ಪಿಗೆ ಬೇಕಿತ್ತು ಎಂಬ ನಮ್ಮ ವಾದಕ್ಕೆ ರಾಜಕೀಯ ಬಲವಿತ್ತು. ವಿಧಿಯ ಅಕ್ಷರಕ್ಕೆ ಅದು ಹೊಂದುವುದಿಲ್ಲ ಎಂಬುದನ್ನು ಒಪ್ಪಿಕೊಳ್ಳಬೇಕು.

'ಅವರು ಪಾಲಿಸದಿದ್ದರೆ ನಾವೇಕೆ?' ಎಂಬ ಪ್ರಶ್ನೆಯ ಹಿಂದೆ ನಿಜವಾದ ನೋವಿದೆ. 1999ರಲ್ಲಿ ಕಾರ್ಗಿಲ್‌ನಲ್ಲಿ ಪಾಕಿಸ್ತಾನದ ಸೆರೆಗೆ ಸಿಕ್ಕ ಕ್ಯಾಪ್ಟನ್ ಸೌರಭ್ ಕಾಲಿಯಾ ಮತ್ತು ಐವರು ಜವಾನರ ದೇಹಗಳು ಮರಳಿದ ಸ್ಥಿತಿ ಕಂಡು ದೇಶವೇ ಕುದಿಯಿತು. ಪಾಕಿಸ್ತಾನ ಚಿತ್ರಹಿಂಸೆಯನ್ನು ನಿರಾಕರಿಸಿತು. ಅಂದು ನಾವು ನಿಂತು ಮಾತಾಡಿದ ನೆಲ ಇದೇ ಜಿನೀವಾ ಒಪ್ಪಂದ. ಯುದ್ಧಕೈದಿಗಳ ಮೇಲೆ ಸೇಡು ತೀರಿಸಿಕೊಳ್ಳುವುದನ್ನು ಅದರ 13ನೇ ವಿಧಿ ನೇರವಾಗಿ ನಿಷೇಧಿಸುತ್ತದೆ. ನಾವೇ ಅದನ್ನು ಮುರಿದರೆ ನಮ್ಮವರಿಗಾಗಿ ಕೇಳುವ ನಾಲಿಗೆ ಉಳಿಯುವುದಿಲ್ಲ.

ಅದೇ 13ನೇ ವಿಧಿಯಲ್ಲಿ ಪತ್ರಿಕೆಗಳಿಗೆ ಸಂಬಂಧಿಸಿದ ಮಾತೂ ಇದೆ: ಕೈದಿಯನ್ನು ಅವಮಾನದಿಂದ, ಸಾರ್ವಜನಿಕ ಕುತೂಹಲದಿಂದ ಕಾಪಾಡಬೇಕು. 2019ರ ಫೆಬ್ರವರಿ 27ರಂದು ಕಣ್ಣಿಗೆ ಬಟ್ಟೆ ಕಟ್ಟಿದ, ರಕ್ತ ಸುರಿಯುತ್ತಿದ್ದ, ಪಾಕಿಸ್ತಾನದ ಸೆರೆಯಲ್ಲಿದ್ದ ನಮ್ಮ ವಾಯುಪಡೆಯ ವಿಂಗ್ ಕಮಾಂಡರ್ ಅಭಿನಂದನ್ ಅವರ ವಿಡಿಯೊ ಬಂದಾಗ ಭಾರತ ಸರ್ಕಾರ ಪ್ರತಿಭಟಿಸಿದ್ದು ಇದೇ ಆಧಾರದಲ್ಲಿ. ಆದರೆ ನಮ್ಮ ವಾಹಿನಿಗಳೇ ಅದನ್ನು ಮತ್ತೆ ಮತ್ತೆ ತೋರಿಸಿದವು. ಒಪ್ಪಂದ ಕಟ್ಟಿಹಾಕುವುದು ಸರ್ಕಾರಗಳನ್ನು, ಸುದ್ದಿಮನೆಗಳನ್ನಲ್ಲ. ಆದರೂ ಮುಖ ಬಯಲಾದರೆ ಊರಿನಲ್ಲಿರುವ ಅವನ ತಂದೆತಾಯಿ, ಹೆಂಡತಿ ಮಕ್ಕಳು ಅಪಾಯಕ್ಕೆ ಸಿಲುಕಬಹುದು. ಕ್ಯಾಮೆರಾ ಮುಂದೆ ಆಡಿಸಿದ ಮಾತು ಅವನದೋ ಬಂದೂಕಿನದೋ ಹೇಳುವವರಾರು?

ತಮ್ಮ ಪತ್ರಿಕೆಯಲ್ಲಿ ನನ್ನ ಕೋರಿಕೆ ಇಷ್ಟು. ಯಾವ ದೇಶದ ಯುದ್ಧಕೈದಿಯಾದರೂ ಚಿತ್ರ ಹಾಕುವಾಗ ಮುಖ ಮಸುಕು ಮಾಡಿ. ಮನೆಯವರಿಗೆ ಅಧಿಕೃತವಾಗಿ ತಿಳಿಯುವ ಮೊದಲು ಹೆಸರು ಅಚ್ಚು ಹಾಕಬೇಡಿ. ಸೆರೆಯಲ್ಲಿ ಚಿತ್ರೀಕರಿಸಿದ 'ಹೇಳಿಕೆ'ಯನ್ನು ಜಾಲತಾಣದಲ್ಲೂ ಹಾಕಬೇಡಿ.

ಇತಿ,
ಓದುಗರೊಬ್ಬರು, ಮಡಿಕೇರಿ