ಪೈಪಿನ ಒಳಗೆ ಕೈ ಹೋಗುವುದಿಲ್ಲ, ಸಚಿವರೇ

ಮಾನ್ಯ ಉತ್ತರ ಕನ್ನಡ ಜಿಲ್ಲಾ ಉಸ್ತುವಾರಿ ಸಚಿವರಿಗೆ,

ನಮಸ್ಕಾರ. ಶಿರಸಿ ಹತ್ತಿರದ ಹಳ್ಳಿಯಲ್ಲಿ ನಮ್ಮದೊಂದು ಸಣ್ಣ ಘಟಕವಿದೆ. ಮುರುಗಲು (ಕೋಕಂ) ಜ್ಯೂಸ್, ಹಲಸಿನ ಹಣ್ಣಿನ ಪಲ್ಪ್ ಮಾಡುತ್ತೇವೆ.

ಹೋದ ವರ್ಷ ಮೇ ತಿಂಗಳಲ್ಲಿ ನಮ್ಮ ಜ್ಯೂಸ್ ಬಾಟಲಿಗಳು ಉಬ್ಬತೊಡಗಿದವು. ದಿನಾ ಸಂಜೆ ತೊಳೆಯುತ್ತಿದ್ದೆವು, ಟ್ಯಾಂಕ್ ಫಳಫಳ ಹೊಳೆಯುತ್ತಿತ್ತು. ಎಲ್ಲಿ ತಪ್ಪಿದೆವು ಎಂದು ತಿಳಿಯಲೇ ಇಲ್ಲ. ಕೊನೆಗೆ ಫಿಟರ್ ಕರೆಸಿ ಪೈಪ್ ಬಿಚ್ಚಿಸಿದೆವು. ಟಿ-ಜಾಯಿಂಟಿನ ಒಂದು ಕವಲಿಗೆ ಸುಮ್ನೆ ಮುಚ್ಚಳ ಹಾಕಿ ಬಿಟ್ಟಿದ್ದರು. ಗೇಣುದ್ದದ ತುಂಡು. ಒಳಗೆ ಕಪ್ಪುಗೆಂಪು ಲೋಳೆ, ಹುಳಿ ಹೆಂಡದ ವಾಸನೆ. ತೊಳೆಯುವ ನೀರು ಅದರ ಬಾಯಿಯ ಮುಂದೆ ಹರಿದು ಹೋಗುತ್ತಿತ್ತು, ಒಳಗೆ ಹೋಗುತ್ತಿರಲಿಲ್ಲ. ಅಂಥ ಕವಲು ಪೈಪಿನ ವ್ಯಾಸದ ಎರಡು ಪಟ್ಟು ಮೀರಬಾರದಂತೆ. ನಮ್ಮದು ಒಂದೂವರೆ ಇಂಚಿನ ಪೈಪು!

ಡೈರಿಗಳಲ್ಲಿ ಪೈಪು, ಟ್ಯಾಂಕು ಬಿಚ್ಚದೆಯೇ ತೊಳೆಯುವ ಸಿಐಪಿ (ಕ್ಲೀನಿಂಗ್ ಇನ್ ಪ್ಲೇಸ್) ವ್ಯವಸ್ಥೆ ಎಷ್ಟೋ ವರ್ಷಗಳಿಂದ ಇದೆ. ಮೊದಲು ನೀರು, ಆಮೇಲೆ ಬಿಸಿ ಕಾಸ್ಟಿಕ್ ಸೋಡಾ ದ್ರಾವಣ, ಮತ್ತೆ ನೀರು, ಬೇಕಾದಾಗ ಆಸಿಡ್, ಕೊನೆಗೆ ಶುದ್ಧ ನೀರು. ಹೊತ್ತು, ಬಿಸಿ, ಮದ್ದಿನ ಪ್ರಮಾಣ ಎಲ್ಲವನ್ನೂ ಕಂಟ್ರೋಲ್ ಪ್ಯಾನಲ್ ನೋಡಿಕೊಳ್ಳುತ್ತದೆ. ಆದರೆ ಪ್ಯಾನಲ್ ತಂದಿಟ್ಟರೆ ಸಾಲದು. ಪೈಪಿನಲ್ಲಿ ನೀರು ಸೆಕೆಂಡಿಗೆ ಒಂದೂವರೆ ಮೀಟರ್ ವೇಗದಲ್ಲಿ ಓಡಬೇಕು, ಇಲ್ಲದಿದ್ದರೆ ಜಿಡ್ಡು ಕೀಳುವುದಿಲ್ಲ. ಪೈಪಿಗೆ ಇಳಿಜಾರು ಬೇಕು. ವೆಲ್ಡಿಂಗ್ ಒಳಗಿನಿಂದಲೂ ನುಣುಪಾಗಿರಬೇಕು. ಇದೆಲ್ಲ ಕಟ್ಟುವಾಗಲೇ ಆಗುವ ಕೆಲಸ, ಅಲ್ವಾ?

ನೀರಿನ ಕಷ್ಟ ನಿಮಗೆ ಗೊತ್ತೇ ಇದೆ. ಮುರುಗಲು ಹಣ್ಣಾಗುವುದೂ, ನಮ್ಮ ಬಾವಿಯ ತಳ ಕಾಣುವುದೂ ಒಂದೇ ತಿಂಗಳಲ್ಲಿ. ಕೈಯಲ್ಲಿ ತೊಳೆಯುವಾಗ ಕಾಸ್ಟಿಕ್ ಪೂರ್ತಿ ಹೋಯಿತೋ ಇಲ್ಲವೋ ಎಂಬ ಹೆದರಿಕೆಗೆ ನಲ್ಲಿ ಬಿಟ್ಟೇ ಇರುತ್ತೇವೆ. ನೀರಿನಲ್ಲಿ ಕರೆಂಟ್ ಎಷ್ಟು ಹರಿಯುತ್ತದೆ ಎಂದು ಅಳೆದು ಕಾಸ್ಟಿಕ್ ಉಳಿದಿದೆಯೇ ಎಂದು ಪತ್ತೆ ಹಚ್ಚುವ ಕಂಡಕ್ಟಿವಿಟಿ ಸೆನ್ಸರ್ ಪೈಪಿನಲ್ಲಿ ಒಂದಿದ್ದರೆ ಅದೇ ಹೇಳುತ್ತದೆ, ವಾಲ್ವ್ ಮುಚ್ಚಿಕೊಳ್ಳುತ್ತದೆ. ಕೊನೆಯ ತೊಳೆತದ ನೀರನ್ನು ಹಿಡಿದಿಟ್ಟು ಮರುದಿನದ ಮೊದಲ ತೊಳೆತಕ್ಕೆ ಬಳಸಬಹುದು. ಬಿಸಿ ಕಾಸ್ಟಿಕ್ ಬಕೆಟ್ ಹೊರುವ ನಮ್ಮ ಹೆಣ್ಣುಮಕ್ಕಳ ಕೈ ಸುಲಿಯುವುದೂ ತಪ್ಪುತ್ತದೆ. ನನಗೆ ಇದೇ ಜಾಸ್ತಿ ಮುಖ್ಯ.

ಘಟ್ಟದ ಕೆಳಗೆ ಕಾರವಾರ, ಅಂಕೋಲಾ ಕಡೆಯ ಮೀನಿನ ಘಟಕಗಳ ಲೆಕ್ಕ ಬೇರೆ. ಅಲ್ಲಿ ಮೊದಲೇ ಬಿಸಿನೀರು ಹಾಯಿಸಿದರೆ ಮೀನಿನ ರಕ್ತ ಬೆಂದು ಅಂಟಿಕೊಳ್ಳುತ್ತದೆ. ಉಪ್ಪಿಗೆ 304 ದರ್ಜೆಯ ಸ್ಟೀಲ್ ತೂತು ಬೀಳುತ್ತದೆ, ಉಪ್ಪನ್ನು ಹೆಚ್ಚು ತಡೆಯುವ 316 ದರ್ಜೆಯದು ಬೇಕು. ಎಲ್ಲರಿಗೂ ಒಂದೇ ನಕ್ಷೆ ಹೊಂದುವುದಿಲ್ಲ.

ಕಿರು ಆಹಾರ ಸಂಸ್ಕರಣೆಗೆ ಕೇಂದ್ರದ ಶೇ 35ರ ಜೊತೆ ರಾಜ್ಯವೂ ಶೇ 15 ಸಹಾಯಧನ ಸೇರಿಸಿದ್ದು ನಮ್ಮಂಥವರಿಗೆ ದೊಡ್ಡ ಆಸರೆ. ನನ್ನ ಬೇಡಿಕೆ ಇಷ್ಟೇ. ಜಿಲ್ಲೆಯಲ್ಲಿ ಇಂಥ ಘಟಕಕ್ಕೆ ಹಣ ಮಂಜೂರು ಮಾಡುವ ಮೊದಲು, ತೊಳೆಯುವ ವ್ಯವಸ್ಥೆಯ ನಕ್ಷೆಯನ್ನೂ ಕೇಳಿಸಿ. ಅದನ್ನು ಓದಬಲ್ಲ ಒಬ್ಬ ಎಂಜಿನಿಯರ್ ಜಿಲ್ಲೆಗೆ ಇರಲಿ. ನಮ್ಮ ಐಟಿಐ ಹುಡುಗರಿಗೆ ಈ ಪೈಪ್ ಕೆಲಸ ಕಲಿಸಿ.

ಆ ಗೇಣುದ್ದದ ತುಂಡನ್ನು ಎಸೆದಿಲ್ಲ. ಶಿರಸಿಗೆ ಬಂದಾಗ ನಮ್ಮ ಘಟಕಕ್ಕೂ ಬನ್ನಿ, ತೋರಿಸುತ್ತೇನೆ.

ಇಂತಿ,
ಮುರುಗಲು ಘಟಕ ನಡೆಸುವ ಒಬ್ಬ ಹೆಣ್ಣುಮಗಳು
ಶಿರಸಿ ತಾಲೂಕು